ಅಡುಗೆಮನೆ ಪ್ರಶ್ನೋತ್ತರ: ಹಣ್ಣಿನ ಮಫಿನ್ ರಬ್ಬರಿನಂತಾದರೆ

ಹೋದ ಸಲ ಇಲ್ಲಿ ಬಾಳೆಹಣ್ಣಿನ ಮಫಿನ್ (ಸಣ್ಣ ಅಚ್ಚಿನಲ್ಲಿ ಬೇಯಿಸುವ ಪುಟ್ಟ ಕೇಕ್) ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಇಷ್ಟು ಪತ್ರ ಬರುತ್ತವೆ ಎಂದುಕೊಂಡಿರಲಿಲ್ಲ. ದಾವಣಗೆರೆ, ಹರಿಹರ, ಹಿರಿಯೂರು, ಚಳ್ಳಕೆರೆ, ಚಿತ್ರದುರ್ಗ, ಎಲ್ಲ ಕಡೆಯಿಂದ ಬಂದಿವೆ. ಹೆಚ್ಚಿನವರ ತೊಂದರೆ ಎರಡೇ. ಹಿಟ್ಟನ್ನು ಜಾಸ್ತಿ ಕಲಸುತ್ತಿದ್ದಾರೆ, ಹಣ್ಣಿನೊಳಗಿನ ನೀರನ್ನು ಲೆಕ್ಕಕ್ಕೆ ಹಿಡಿಯುತ್ತಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಮಫಿನ್‌ಗೇ ಇರಲಿ.

ಪ್ರಶ್ನೆ: ಅಕ್ಕ, ಎರಡು ಸಲ ಬಾಳೆಹಣ್ಣಿನ ಮಫಿನ್ ಮಾಡಿದೆ. ಮೇಲೆ ಚೆನ್ನಾಗಿ ಉಬ್ಬಿತ್ತು. ಮುರಿದರೆ ಒಳಗೆ ರಬ್ಬರ್ ತರ, ಉದ್ದುದ್ದ ತೂತು ಬೇರೆ. ಗಂಟು ಇರಬಾರದು ಅಂತ ಎಲ್ಲವನ್ನೂ ಮಿಕ್ಸಿಗೆ ಹಾಕಿ ಐದು ನಿಮಿಷ ತಿರುಗಿಸಿದ್ದೆ. ಎಲ್ಲಿ ತಪ್ಪಾಯಿತು?
– ವಿದ್ಯಾನಗರ, ದಾವಣಗೆರೆ

ಉತ್ತರ: ಆ ಐದು ನಿಮಿಷದಲ್ಲೇ ತಪ್ಪಾಗಿದೆ. ಹೋಳಿಗೆಗೆ ಕಣಕ ಹೇಗೆ ಮಾಡುತ್ತೀರಿ, ನೆನಪಿಸಿಕೊಳ್ಳಿ. ನೀರು ಹಾಕಿ ನಾದಿ, ಎಣ್ಣೆ ಹಾಕಿ ಮತ್ತೆ ನಾದಿ, ಎಳೆದರೆ ಎಳೆ ಎಳೆಯಾಗಿ ಬರುವವರೆಗೆ ಬಿಡುವುದಿಲ್ಲ ಅಲ್ವಾ? ಆ ಎಳೆ ಬರುವುದು ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟಿನಿಂದ. ಮೈದಾ ಆಗಲಿ ಗೋಧಿ ಹಿಟ್ಟಾಗಲಿ, ನೀರು ತಾಗಿದ ಮೇಲೆ ಕೈ ಆಡಿಸಿದಷ್ಟೂ ಅಂಟು ಬಲಿಯುತ್ತದೆ. ಹೋಳಿಗೆಗೆ ಅದೇ ಬೇಕು. ಮಫಿನ್‌ಗೆ ಅದು ಬೇಡವೇ ಬೇಡ. ಅಂಟು ಬಲಿತ ಹಿಟ್ಟಿನಲ್ಲಿ ಗಾಳಿ ಸಲೀಸಾಗಿ ಹರಡುವುದಿಲ್ಲ, ಒಂದೇ ದಾರಿ ಹಿಡಿದು ಮೇಲಕ್ಕೆ ನುಗ್ಗುತ್ತದೆ. ನೀವು ನೋಡಿದ ಉದ್ದನೆಯ ತೂತು ಅದೇ.

ಮಿಕ್ಸಿಯನ್ನು ದೂರ ಇಡಿ. ಬಾಳೆಹಣ್ಣು ಮಸೆಯಲು ಫೋರ್ಕ್ ಸಾಕು, ಇಲ್ಲದಿದ್ದರೆ ಕೈಯೇ ಸಾಕು. ಒಂದು ಪಾತ್ರೆಯಲ್ಲಿ ಒಣ ಸಾಮಾನು, ಇನ್ನೊಂದರಲ್ಲಿ ಹಸಿ ಸಾಮಾನು. ಎರಡೂ ಬೇರೆ ಬೇರೆ ಚೆನ್ನಾಗಿ ಬೆರೆಯಲಿ, ಆಗ ಎಷ್ಟು ಬೇಕಾದರೂ ಕಲಸಿ, ತೊಂದರೆಯಿಲ್ಲ. ಎರಡನ್ನೂ ಒಂದು ಮಾಡಿದ ಮೇಲೆ ಮಾತ್ರ ಸೌಟಿನಿಂದ ಅಡಿಯಿಂದ ಮೇಲಕ್ಕೆ ಹನ್ನೆರಡು, ಹೆಚ್ಚೆಂದರೆ ಹದಿನೈದು ಸಲ ತಿರುವಿ ನಿಲ್ಲಿಸಿಬಿಡಿ. ಒಣ ಹಿಟ್ಟು ಕಾಣದಿದ್ದರೆ ಆಯಿತು. ಸಣ್ಣ ಗಂಟು ಇರಲಿ, ಬೇಯುವಾಗ ಅದು ತಾನಾಗಿ ಕರಗುತ್ತದೆ. ದೋಸೆ ಹಿಟ್ಟು ನುಣ್ಣಗೆ ರುಬ್ಬಿ ಅಭ್ಯಾಸವಾದ ಕೈಗೆ ಗಂಟು ಬಿಟ್ಟು ಸುಮ್ಮನಾಗುವುದು ಕಷ್ಟ, ನನಗೆ ಗೊತ್ತು. ಆದರೂ ನಿಲ್ಲಿಸಿ.

ಹೋದ ಸಲದ ಅಳತೆಯನ್ನು ಹಲವರು ಮತ್ತೊಮ್ಮೆ ಕೇಳಿದ್ದೀರಿ. ಹತ್ತರಿಂದ ಹನ್ನೆರಡು ಮಫಿನ್‌ಗೆ ಮೈದಾ 100 ಗ್ರಾಂ, ಗೋಧಿ ಹಿಟ್ಟು 100 ಗ್ರಾಂ, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ಚಿಟಿಕೆ ಉಪ್ಪು, ಎರಡು ಏಲಕ್ಕಿ ಪುಡಿ. ಇದು ಒಣ ಪಾಲು. ಹಸಿ ಪಾಲಿಗೆ ಸುಲಿದ ಬಾಳೆಹಣ್ಣು 300 ಗ್ರಾಂ, ಸಕ್ಕರೆ ಅಥವಾ ಬೆಲ್ಲದ ಪುಡಿ 100 ಗ್ರಾಂ, ಮೊಸರು 100 ಗ್ರಾಂ, ಎಣ್ಣೆ 70 ಗ್ರಾಂ. ಪಚ್ಚಬಾಳೆ ಆದರೆ ದೊಡ್ಡವು ಮೂರು ಸಾಕು, ಏಲಕ್ಕಿ ಬಾಳೆ ಆದರೆ ತೂಗಿಯೇ ಹಾಕಿ. ಸಿಪ್ಪೆ ಮೇಲೆ ಕಪ್ಪು ಚುಕ್ಕೆ ತುಂಬಿ, ಮನೆಯಲ್ಲಿ ಯಾರೂ ಮುಟ್ಟದೆ ಉಳಿದ ಹಣ್ಣೇ ಇದಕ್ಕೆ ಒಳ್ಳೆಯದು. ಹಣ್ಣಾದಷ್ಟೂ ಅದರ ಪಿಷ್ಟ ಸಕ್ಕರೆಯಾಗಿರುತ್ತದೆ. ಗೋಧಿ ಹಿಟ್ಟು ನಿಧಾನಕ್ಕೆ ನೀರು ಕುಡಿಯುತ್ತದೆ, ಅದಕ್ಕೆ ಕಲಸಿದ ಮೇಲೆ ಹತ್ತು ನಿಮಿಷ ಬಿಡಿ. ಅಷ್ಟಾದರೂ ಗಟ್ಟಿ ಅನಿಸಿದರೆ ಎರಡು ಚಮಚ ಹಾಲು ಹಾಕಬಹುದು. ಸೌಟಿನಿಂದ ಸುರಿದರೆ ಹರಿಯಬಾರದು, ದಪ್ಪಗೆ ಪೊತ್ತೆಂದು ಬೀಳಬೇಕು. ಕಪ್ಪಿನ ಮುಕ್ಕಾಲು ಭಾಗ ತುಂಬಿ, ಮೊದಲೇ ಕಾಯಿಸಿಟ್ಟ ಒವನ್ನಿನಲ್ಲಿ 180 ಡಿಗ್ರಿಗೆ 20ರಿಂದ 22 ನಿಮಿಷ. ಕಡ್ಡಿ ಚುಚ್ಚಿದರೆ ಹಸಿ ಹಿಟ್ಟು ಅಂಟಬಾರದು. ಹೊರಗೆ ತೆಗೆದು ಐದು ನಿಮಿಷಕ್ಕೆ ಅಚ್ಚಿನಿಂದ ಬಿಡಿಸಿಬಿಡಿ, ಅಲ್ಲೇ ಬಿಟ್ಟರೆ ಅಡಿ ಬೆವರಿ ಒದ್ದೆಯಾಗುತ್ತದೆ.

ಪ್ರಶ್ನೆ: ನಮ್ಮದು ದಾಳಿಂಬೆ ತೋಟ. ಮನೆಯಲ್ಲಿ ಪಪ್ಪಾಯ ಗಿಡವೂ ಇದೆ. ಎರಡನ್ನೂ ಹಾಕಿ ಮಫಿನ್ ಮಾಡಿದರೆ ಹಣ್ಣೆಲ್ಲ ತಳಕ್ಕೆ ಇಳಿದು ಮುದ್ದೆಯಾಯಿತು.
– ಹಿರಿಯೂರು

ಉತ್ತರ: ಬಾಳೆಹಣ್ಣಿನಲ್ಲಿ ನೂರಕ್ಕೆ 75ರಷ್ಟು ನೀರು. ಪಪ್ಪಾಯದಲ್ಲಿ 88ರ ಹತ್ತಿರ. ಹಾಗಾಗಿ ಬಾಳೆಹಣ್ಣಿನ ಅಳತೆಯನ್ನೇ ಪಪ್ಪಾಯಕ್ಕೆ ಹಿಡಿದರೆ ಹಿಟ್ಟು ತೆಳ್ಳಗಾಗುತ್ತದೆ, ತೆಳ್ಳಗಿನ ಹಿಟ್ಟು ಹಣ್ಣನ್ನು ಹೊರುವುದಿಲ್ಲ. ಪಪ್ಪಾಯವನ್ನು ಮಸೆದು, ಅಗಲ ಬಾಣಲೆಯಲ್ಲಿ ಒಂದು ಚಮಚ ಸಕ್ಕರೆ ಜೊತೆ ಅರ್ಧದಷ್ಟಾಗುವವರೆಗೆ ಬಾಡಿಸಿ, ಪೂರ್ತಿ ಆರಿಸಿ ಹಾಕಿ. ಇನ್ನೊಂದು ಲಾಭವೂ ಇದೆ. ಬೇಯಿಸದ ಪಪ್ಪಾಯವನ್ನು ಹಾಲು ಮೊಸರಿನ ಜೊತೆ ಕಲಸಿ ಇಟ್ಟರೆ ಕಹಿ ಬರುತ್ತದೆ, ಅದರಲ್ಲಿರುವ ಪಪೈನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುತ್ತದೆ. ಬೇಯಿಸಿದರೆ ಆ ಕಾಟ ಇಲ್ಲ. ಅನಾನಸ್‌ಗೂ ಇದೇ ಮಾತು.

ದಾಳಿಂಬೆ ಕಾಳನ್ನು ಹಿಟ್ಟಿನೊಳಗೆ ಹಾಕಬೇಡಿ ಎಂದೇ ಹೇಳುತ್ತೇನೆ. ಬೆಂದಾಗ ರಸವೆಲ್ಲ ಸೋರಿ ಬೀಜ ಮಾತ್ರ ಉಳಿಯುತ್ತದೆ, ಮಕ್ಕಳು ಉಗುಳುತ್ತಾರೆ. ಇಷ್ಟು ಚೆಂದದ ಹಣ್ಣನ್ನು ಯಾಕೆ ಹಾಳು ಮಾಡುವುದು? ಮಫಿನ್ ಆರಿದ ಮೇಲೆ, ಗಟ್ಟಿ ಮೊಸರಿಗೆ ಸ್ವಲ್ಪ ಜೇನುತುಪ್ಪ ಸೇರಿಸಿ ಮೇಲೆ ಸವರಿ, ಅದರ ಮೇಲೆ ಹಸಿ ಕಾಳು ಉದುರಿಸಿ ಕೊಡಿ.

ಸೇಬು, ಚಿಕ್ಕು, ಮಾವಿನಂಥ ಹಣ್ಣಿನ ತುಂಡು ಹಾಕುವವರು ಹುಣಸೆ ಬೀಜದಷ್ಟು ಸಣ್ಣಗೆ ಹೆಚ್ಚಿ, ಬಟ್ಟೆಯಲ್ಲಿ ಒತ್ತಿ, ಒಂದು ಚಮಚ ಒಣ ಹಿಟ್ಟಿನಲ್ಲಿ ಹೊರಳಿಸಿ. ಮೊದಲು ಕಪ್ಪಿಗೆ ಹಣ್ಣಿನ ತುಂಡು ಸೇರಿಸದ ಕಲಸಿದ ಹಿಟ್ಟು ಒಂದು ಚಮಚ ಹಾಕಿ, ಅದರ ಮೇಲೆ ತುಂಡು ಸೇರಿಸಿದ ಹಿಟ್ಟು ಹಾಕಿ. ತಳಕ್ಕೆ ಅಂಟುವುದಿಲ್ಲ.

ಪ್ರಶ್ನೆ: ನೇರಳೆ ಹಣ್ಣಿನ ಮಫಿನ್ ಮಾಡಿದೆ ಮೇಡಂ. ಒಳಗೆ ಹಸಿರು ಬೂದಿ ಬಣ್ಣ ಬಂತು. ಹಣ್ಣಿಗೆ ಏನಾದರೂ ಔಷಧಿ ಹೊಡೆದಿದ್ದರಾ ಅಂತ ಹೆದರಿ ಎಲ್ಲ ಬಿಸಾಡಿದೆ.
– ಚಿತ್ರದುರ್ಗ

ಉತ್ತರ: ಅಯ್ಯೋ, ಬಿಸಾಡಬೇಕಾಗಿರಲಿಲ್ಲ. ತಿನ್ನಲು ಏನೂ ಅಡ್ಡಿಯಿರಲಿಲ್ಲ. ಆರತಿ ತಟ್ಟೆಯ ಅರಿಶಿನ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ ಅಲ್ವಾ? ಇದೂ ಅಂಥದ್ದೇ. ನೇರಳೆಗೆ ಆ ಬಣ್ಣ ಕೊಡುವ ಆಂಥೋಸಯಾನಿನ್ ಹುಳಿಯಲ್ಲಿ ಕೆಂಪಗೆ ಇರುತ್ತದೆ, ಸೋಡಾ ಜಾಸ್ತಿಯಾದ ಕಡೆ ನೀಲಿಗೆ, ಹಸಿರಿಗೆ ತಿರುಗುತ್ತದೆ. ಪರದೇಶದಲ್ಲಿ ಬ್ಲೂಬೆರಿ ಮಫಿನ್ ಮಾಡುವವರಿಗೂ ಇದೇ ತೊಂದರೆ. ನೇರಳೆ ಹಾಕುವ ದಿನ ಸೋಡಾ ಬಿಟ್ಟು ಬೇಕಿಂಗ್ ಪೌಡರ್ ಮಾತ್ರ ಎರಡು ಟೀ ಚಮಚ ಹಾಕಿ, ಒಂದು ಚಮಚ ನಿಂಬೆರಸ ಸೇರಿಸಿ. ಬೀಜ ತೆಗೆದ ತಿರುಳನ್ನು ಕೊನೆಯ ಎರಡು ತಿರುವಿಗೆ ಮಾತ್ರ ಹಾಕಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಮೊಟ್ಟೆ ತರುವುದಿಲ್ಲ. ಮೊಟ್ಟೆ ಇಲ್ಲದೆ ನಿಜವಾಗಿಯೂ ಉಬ್ಬುತ್ತದೆಯೇ?
– ಎಂಸಿಸಿ ಬಿ ಬ್ಲಾಕ್, ದಾವಣಗೆರೆ

ಉತ್ತರ: ಉಬ್ಬುತ್ತದೆ. ಮೇಲಿನ ಅಳತೆಯಲ್ಲೂ ಮೊಟ್ಟೆ ಇಲ್ಲ, ನೋಡಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ಔಷಧಿ ವ್ಯಾಪಾರಿ ಇದ್ದರು. ಅವರ ಹೆಂಡತಿಗೆ ಮೊಟ್ಟೆಯೂ ಆಗುತ್ತಿರಲಿಲ್ಲ, ಯೀಸ್ಟೂ ಆಗುತ್ತಿರಲಿಲ್ಲ. ಆಕೆಗಾಗಿ ಮೊದಲು 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿ, ಆಮೇಲೆ 1843ರಲ್ಲಿ ಯೀಸ್ಟ್ ಬೇಡದ ಬೇಕಿಂಗ್ ಪೌಡರ್ ಮಾಡಿದರು. ನಾವು ಇವತ್ತು ಡಬ್ಬಿಯಿಂದ ಚಮಚದಲ್ಲಿ ತೆಗೆಯುವ ಪುಡಿಯ ಹಿಂದೆ ಹೆಂಡತಿ ನೆಮ್ಮದಿಯಾಗಿ ಊಟ ಮಾಡಲಿ ಎಂಬ ಕಾಳಜಿ ಇದೆ. ನನಗೆ ಈ ಸಂಗತಿ ತುಂಬಾ ಇಷ್ಟ.

ಉಬ್ಬಿಸುವ ಕೆಲಸ ಮೊಸರಿನ ಹುಳಿ ಮತ್ತು ಸೋಡಾ ಮಾಡುತ್ತವೆ. ಆದರೆ ಡಬ್ಬಿ ಹಳೆಯದಾಗಿರಬಾರದು. ಅರ್ಧ ಲೋಟ ಬಿಸಿನೀರಿಗೆ ಒಂದು ಚಮಚ ಬೇಕಿಂಗ್ ಪೌಡರ್ ಹಾಕಿ. ಭುಸ್ಸೆಂದು ನೊರೆ ಬಂದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಹೊಸದು ತನ್ನಿ. ಉಬ್ಬಲಿಲ್ಲ ಎಂದು ಸೋಡಾ ಜಾಸ್ತಿ ಮಾತ್ರ ಹಾಕಬೇಡಿ, ಸೋಪಿನ ರುಚಿ ಬರುತ್ತದೆ.

ಪ್ರಶ್ನೆ: ಅಕ್ಕ, ನಾನು ರೂಮ್ ಮಾಡಿಕೊಂಡು ಓದುತ್ತಿರುವ ಹುಡುಗ. ಒವನ್ ಇಲ್ಲ. ಒಂದು ಗ್ಯಾಸ್ ಒಲೆ, ಒಂದು ಹಳೆ ಕುಕ್ಕರ್, ಅಮ್ಮ ಕೊಟ್ಟ ಪಡ್ಡಿನ ಹಂಚು ಇದೆ.
– ದಾವಣಗೆರೆ

ಉತ್ತರ: ತಮ್ಮಾ, ಪಡ್ಡಿನ ಹಂಚು ಇದೆ ಅಂದಮೇಲೆ ಚಿಂತೆ ಯಾಕೆ? ಮೇಲಿನ ಅಳತೆಯಲ್ಲಿ ಅರ್ಧ ಹಿಟ್ಟು ಕಲಸಿಕೊ. ಹಂಚಿನ ಕುಳಿಗೆ ಬೆಣ್ಣೆ ಅಥವಾ ಎಣ್ಣೆ ಸವರಿ, ಮುಕ್ಕಾಲು ತುಂಬಿ, ಮುಚ್ಚಳ ಮುಚ್ಚಿ, ಉರಿ ಪೂರ್ತಿ ಸಣ್ಣಗೆ ಇಡು. ಐದಾರು ನಿಮಿಷಕ್ಕೆ ಮೇಲ್ಭಾಗ ಗಟ್ಟಿಯಾಗುತ್ತದೆ. ಆಗ ಕಡ್ಡಿಯಿಂದ ಮಗುಚಿ ಇನ್ನೆರಡು ಮೂರು ನಿಮಿಷ. ಪಡ್ಡಿಗಿಂತ ಉರಿ ಕಡಿಮೆ ಇರಲೇಬೇಕು, ಬಾಳೆಹಣ್ಣು ಮತ್ತು ಸಕ್ಕರೆ ಎರಡೂ ಇರುವುದರಿಂದ ಬೇಗ ಸೀಯುತ್ತದೆ. ರೂಮಿನವರಿಗೆಲ್ಲ ಎರಡೆರಡು ಸಿಗುತ್ತವೆ.

ಕುಕ್ಕರ್‌ನಲ್ಲೇ ಮಾಡಬೇಕೆಂದರೆ ಗ್ಯಾಸ್ಕೆಟ್ ಮತ್ತು ವಿಸಿಲ್ ಎರಡನ್ನೂ ತೆಗೆದಿಡು. ತಳಕ್ಕೆ ಎರಡು ಲೋಟ ಕಲ್ಲುಪ್ಪು, ಅದರ ಮೇಲೆ ಒಂದು ಸ್ಟ್ಯಾಂಡ್. ನೀರು ಹಾಕಬಾರದು. ಹತ್ತು ನಿಮಿಷ ಕಾಯಿಸಿ, ಎಣ್ಣೆ ಸವರಿದ ಸಣ್ಣ ಸ್ಟೀಲ್ ಬಟ್ಟಲಿಗೆ ಹಿಟ್ಟು ತುಂಬಿ ಇಟ್ಟು, ಸಣ್ಣ ಉರಿಯಲ್ಲಿ 30 ನಿಮಿಷ. ಮೊದಲ 20 ನಿಮಿಷ ಮುಚ್ಚಳ ತೆಗೆದು ನೋಡಬೇಡ, ಕುಸಿಯುತ್ತದೆ. ಒಂದು ಮಾತು ಮರೆಯಬೇಡ. ಹೀಗೆ ಒಣಗಾಗಿ ಕಾಯಿಸಿದ ಕುಕ್ಕರನ್ನು ಮತ್ತೆ ವಿಸಿಲ್ ಹಾಕಿ ಬೇಳೆ ಬೇಯಿಸಲು ಬಳಸಬಾರದು. ಇದಕ್ಕೆಂದೇ ಇಟ್ಟುಬಿಡು.

ಪ್ರಶ್ನೆ: ನಮ್ಮೂರ ಗಾಣದ ಶೇಂಗಾ ಎಣ್ಣೆ ಹಾಕಬಹುದೇ? ಬೆಣ್ಣೆ ಒಳ್ಳೆಯದೇ?
– ಚಳ್ಳಕೆರೆ

ಉತ್ತರ: ಹಾಕಬಹುದು, ಆದರೆ ಅದರ ವಾಸನೆ ಗಟ್ಟಿ. ಬೆಲ್ಲ ಮತ್ತು ಬಾಳೆಹಣ್ಣಿನ ಜೊತೆ ಚೆನ್ನಾಗಿ ಹೊಂದುತ್ತದೆ, ಮೇಲೆ ತರಿ ತರಿ ಕುಟ್ಟಿದ ಹುರಿದ ಶೇಂಗಾ ಉದುರಿಸಿದರಂತೂ ಬಹಳ ರುಚಿ. ಸೇಬು, ಮಾವಿಗೆ ಬೇಡ, ಹಣ್ಣಿನ ಪರಿಮಳ ಸತ್ತುಹೋಗುತ್ತದೆ. ಬೆಣ್ಣೆಯಲ್ಲಿ ನೀರಿನ ಅಂಶ ಇರುತ್ತದೆ, ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಇನ್ನೂ ಜಾಸ್ತಿ. ಕರಗಿಸಿ, ಚಟಪಟ ಸದ್ದು ಕಡಿಮೆಯಾದ ಮೇಲೆ ಆರಿಸಿ ಹಾಕಿ. ಬೆಣ್ಣೆಯದು ಬಿಸಿ ಇರುವಾಗ ರುಚಿ. ಎರಡನೇ ದಿನಕ್ಕೂ ಮೆತ್ತಗಿರಬೇಕೆಂದರೆ ಎಣ್ಣೆಯೇ ಮೇಲು.

ಪ್ರಶ್ನೆ: ಬೆಳಿಗ್ಗೆ ಏಳೂವರೆಗೆ ಇಬ್ಬರು ಮಕ್ಕಳ ಡಬ್ಬಿ ಕಟ್ಟಿ ನಾನೂ ಕೆಲಸಕ್ಕೆ ಹೊರಡಬೇಕು. ರಾತ್ರಿಯೇ ಹಿಟ್ಟು ಕಲಸಿಡಬಹುದಾ? ತಿಂಡಿಗೆ ಬರೀ ಮಫಿನ್ ಕೊಟ್ಟರೆ ಸಾಕಾ?
– ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ಕಲಸಿಡಬೇಡಿ. ಮೊಸರು ತಾಗಿದ ಕೂಡಲೇ ಸೋಡಾ ಕೆಲಸ ಶುರು ಮಾಡುತ್ತದೆ, ಬೆಳಗಾಗುವಷ್ಟರಲ್ಲಿ ಶಕ್ತಿ ಮುಗಿದಿರುತ್ತದೆ. ರಾತ್ರಿ ಒಣ ಸಾಮಾನು ಒಂದು ಡಬ್ಬಿಯಲ್ಲಿ ಅಳೆದಿಡಿ. ಮೊಸರು, ಸಕ್ಕರೆ, ಎಣ್ಣೆ ಇನ್ನೊಂದರಲ್ಲಿ ಕಲಸಿ ಫ್ರಿಜ್ಜಿಗೆ. ಬೆಳಿಗ್ಗೆ ಒವನ್ ಕಾಯುವಷ್ಟರಲ್ಲಿ ಬಾಳೆಹಣ್ಣು ಮಸೆದು ಒಂದು ಮಾಡಿದರೆ ಆಯಿತು. ಇದೂ ಕಷ್ಟ ಎನಿಸಿದರೆ ಭಾನುವಾರ ಮಾಡಿ, ಪೂರ್ತಿ ಆರಿಸಿ, ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿಡಿ. ರಾತ್ರಿ ಬೇಕಾದಷ್ಟು ಕೆಳಗಿಳಿಸಿ. ಬೆಳಿಗ್ಗೆ ಅಡ್ಡ ಕೊಯ್ದು ದೋಸೆ ಹಂಚಿನ ಮೇಲೆ ಸ್ವಲ್ಪ ಬೆಣ್ಣೆ ಹಾಕಿ ಬಿಸಿ ಮಾಡಿ. ಕೊಯ್ದ ಮುಖ ಗರಿಗರಿಯಾಗುತ್ತದೆ. ನಮ್ಮ ಬೇಸಿಗೆಯಲ್ಲಿ ಹಣ್ಣಿನ ಮಫಿನ್ ಹೊರಗೆ ಒಂದು ದಿನ ಮಾತ್ರ, ಫ್ರಿಜ್ಜಿನಲ್ಲಿ ಮೂರು ದಿನ. ಬಿಸಿಯಿರುವಾಗ ಮುಚ್ಚಿಟ್ಟರೆ ಬೇಗ ಬೂಸ್ಟು ಹಿಡಿಯುತ್ತದೆ.

ಬರೀ ಮಫಿನ್ ತಿಂಡಿಗೆ ಸಾಲದು, ಅದನ್ನು ನೇರವಾಗಿ ಹೇಳುತ್ತೇನೆ. ಜೊತೆಗೆ ಒಂದು ಲೋಟ ಹಾಲು, ಒಂದು ಹಿಡಿ ನೆನೆಸಿದ ಶೇಂಗಾ ಇರಲಿ. ವಾರಕ್ಕೆ ಎರಡು ದಿನ ಸಾಕು, ಉಳಿದ ದಿನ ಉಪ್ಪಿಟ್ಟು, ರೊಟ್ಟಿ ನಡೆಯಲಿ.

ಪ್ರಶ್ನೆ: ಅತ್ತೆಗೆ ಶುಗರ್ ಇದೆ. ಬೆಲ್ಲ ಹಾಕಿದರೆ ಅವರೂ ತಿನ್ನಬಹುದಲ್ಲವೇ?
– ಹರಿಹರ

ಉತ್ತರ: ಬೆಲ್ಲ ಹಾಕಿದರೂ ರಕ್ತದಲ್ಲಿ ಸಕ್ಕರೆ ಏರುತ್ತದೆ. ಮಾಗಿದ ಬಾಳೆಹಣ್ಣಿನಿಂದಲೂ ಏರುತ್ತದೆ. ಬೆಲ್ಲದ್ದು ಎಂದು ಹೇಳಿ ಎರಡು ಕೊಡಬೇಡಿ, ದಯವಿಟ್ಟು. ಅವರನ್ನು ನೋಡುವ ವೈದ್ಯರನ್ನು ಕೇಳಿ. ಅವರು ಒಪ್ಪಿದರೆ ಸಿಪ್ಪೆ ಸಮೇತ ತುರಿದ ಸೇಬು ಹಾಕಿ, ಸಕ್ಕರೆ ಅರ್ಧಕ್ಕೆ ಇಳಿಸಿ, ಸಣ್ಣ ಅಚ್ಚಿನಲ್ಲಿ ಮಾಡಿ ಒಂದು ಕೊಡಿ. ಸಕ್ಕರೆ ಕಡಿಮೆಯಾದರೆ ಬೇಗ ಒಣಗುತ್ತದೆ, ಆದ್ದರಿಂದ ಅವತ್ತೇ ತಿನ್ನಬೇಕು.

ಪ್ರಶ್ನೆ: ನಮ್ಮ ಹೊಲದಲ್ಲಿ ಗೋವಿನಜೋಳ ಬೆಳೆಯುತ್ತೇವೆ. ಅದರ ಹಿಟ್ಟಿನಲ್ಲಿ ಮಫಿನ್ ಆಗುತ್ತಾ?
– ಜಗಳೂರು

ಉತ್ತರ: ಆಗುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 1986ರಲ್ಲಿ ಮೆಕ್ಕೆಜೋಳದ ಮಫಿನ್ನನ್ನೇ ತನ್ನ ರಾಜ್ಯದ ಮಫಿನ್ ಎಂದು ಘೋಷಿಸಿದೆ. ದಾವಣಗೆರೆ ಸೀಮೆಯಲ್ಲಿ ಇಷ್ಟು ಗೋವಿನಜೋಳ ಬೆಳೆದೂ ಮನೆಯಲ್ಲಿ ಬಳಸುವವರು ಕಡಿಮೆ, ನೀವು ಕೇಳಿದ್ದು ಖುಷಿಯಾಯಿತು. ಈ ಹಿಟ್ಟಿನಲ್ಲಿ ಗ್ಲುಟೆನ್ ಇಲ್ಲ, ಪೂರ್ತಿ ಇದನ್ನೇ ಹಾಕಿದರೆ ಪುಡಿ ಪುಡಿಯಾಗುತ್ತದೆ. 200 ಗ್ರಾಂ ಹಿಟ್ಟಿನಲ್ಲಿ 50 ಗ್ರಾಂ ಇದು, 150 ಗ್ರಾಂ ಮೈದಾ ಅಥವಾ ಗೋಧಿ. ಗಿರಣಿಯಲ್ಲಿ ನುಣ್ಣಗೆ ಬೀಸಲು ಹೇಳಿ, ಜರಡಿ ಹಿಡಿಯಿರಿ. ಕಾಲು ಲೋಟ ಬಿಸಿ ಹಾಲಿನಲ್ಲಿ ಹದಿನೈದು ನಿಮಿಷ ನೆನೆಸಿ, ತಣ್ಣಗಾದ ಮೇಲೆ ಹಸಿ ಪಾಲಿಗೆ ಸೇರಿಸಿ. ಇಲ್ಲದಿದ್ದರೆ ಹಲ್ಲಿಗೆ ಮರಳಿನಂತೆ ಸಿಗುತ್ತದೆ. ಹಾಲು ಹಾಕಿದ್ದಕ್ಕೆ ಮೊಸರು 60 ಗ್ರಾಮಿಗೆ ಇಳಿಸಿ. ಚಿಕ್ಕು ಹಣ್ಣು ಇದಕ್ಕೆ ಒಳ್ಳೆಯ ಜೋಡಿ.