1902ರ ಪೆನ್ನಿ ಲೋ ಟೈಡಾ, ಹೈ ಟೈಡಾ?

ತಾತನ ಟ್ರಂಕಿನಲ್ಲಿ ಸಿಕ್ಕಿದ 1902 ಮತ್ತು 1919ರ ಎರಡು ಪೆನ್ನಿಗಳಲ್ಲಿ (ಬ್ರಿಟನ್ನಿನ ಹಳೇ ಕಂಚಿನ ನಾಣ್ಯ) ಏನಾದರೂ ವಿಶೇಷ ಇದೆಯಾ, ಹುಣಸೆಹಣ್ಣು ಹಾಕಿ ತೊಳೀಬಹುದಾ ಅಂತ ಕೇಳಿದ್ದೀರಿ. ಮೊದಲು ಎರಡನೇ ಪ್ರಶ್ನೆಗೆ ಉತ್ತರ: ದಯವಿಟ್ಟು ಬೇಡ! ಪೂಜೆ ತಂಬಿಗೆ ಬೆಳಗಿದ ಹಾಗೆ ಬೆಳಗಿದರೆ ನೂರು ವರ್ಷದ ಕಂದುಬಣ್ಣ ಹೋಗುತ್ತೆ, ಅದರ ಜೊತೆ ಬೆಲೆಯೂ ಹೋಗುತ್ತೆ. ನಾನು ಕಾಲೇಜಿನಲ್ಲಿದ್ದಾಗ ಒಂದು ವಿಕ್ಟೋರಿಯಾ ಪೆನ್ನಿಯನ್ನು ಹೀಗೇ ಹಾಳು ಮಾಡಿದ್ದೆ, ಈಗಲೂ ಗುಲಾಬಿ ಬಣ್ಣಕ್ಕೆ ತಿರುಗಿ ಕೂತಿದೆ.

1902ರದ್ದನ್ನು ತಿರುಗಿಸಿ ಬ್ರಿಟನ್ನಿನ ಸಂಕೇತವಾದ ಹೆಣ್ಣುಮೂರ್ತಿ ಬ್ರಿಟಾನಿಯಾ ಕೂತಿರುವ ಕಡೆ ನೋಡಿ. ಅವಳ ಹಿಂದೆ ಸಮುದ್ರದ ಗೆರೆ ಇದೆ ಅಲ್ವಾ, ಅದು ಅವಳ ಕಾಲುಗಳು ಒಂದನ್ನೊಂದು ದಾಟುವ ಜಾಗಕ್ಕೆ ಸಮನಾಗಿದ್ದರೆ ಹೈ ಟೈಡ್, ಅಂದರೆ ಮಾಮೂಲಿ ನಾಣ್ಯ. ಗೆರೆ ಅದಕ್ಕಿಂತ ಕೆಳಗಿದ್ದರೆ ಲೋ ಟೈಡ್, ಅದು ಕಡಿಮೆ ಸಿಗುತ್ತೆ. ಅದೇ ವರ್ಷದ ಹಾಫ್‌ಪೆನ್ನಿಯಲ್ಲೂ ಈ ಎರಡು ಬಗೆ ಇವೆ, ಸಿಕ್ಕರೆ ಬಿಡಬೇಡಿ.

1919ರದ್ದರಲ್ಲಿ ಇಸವಿಯ ಎಡಗಡೆ ಭೂತಗನ್ನಡಿ ಹಿಡಿದು ಹುಡುಕಿ. ಎಚ್ ಅಂತ ಪುಟ್ಟ ಅಕ್ಷರ ಇದ್ದರೆ ಬರ್ಮಿಂಗ್‌ಹ್ಯಾಮ್‌ನ ಹೀಟನ್ ಟಂಕಸಾಲೆಯದ್ದು, ಕೆಎನ್ ಇದ್ದರೆ ಕಿಂಗ್ಸ್ ನಾರ್ಟನ್‌ದು. ಏನೂ ಇಲ್ಲದಿದ್ದರೆ ಲಂಡನ್ನಿನದ್ದು, ರಾಶಿ ರಾಶಿ ಸಿಗುತ್ತೆ. ಕೆಎನ್ ಇದ್ದರೆ ಮಾತ್ರ ಸ್ವಲ್ಪ ಕುಣಿದಾಡಬಹುದು! ಸವೆದ ನಾಣ್ಯದಲ್ಲಿ ಈ ಅಕ್ಷರ ಸುಮ್ನೆ ಕಲೆ ಥರ ಕಾಣುತ್ತೆ, ಬೆಳಕನ್ನು ಪಕ್ಕದಿಂದ ಬಿಟ್ಟು ನೋಡಿ. ಫೋಟೋನೂ ಹಾಗೇ ತೆಗೆದು ಕಳಿಸಿ.