ಗಾಯ ಮಾಯುತ್ತೆ, ಗಡ್ಡೆ ಯಾಕೆ ನಿಲ್ಲಲ್ಲ?

ಪ್ರಶ್ನೆ: ಮೊಣಕಾಲು ತರಚಿದರೆ ಹೊಸ ಚರ್ಮ ಬೆಳೆದು ಸರಿಯಾಗಿ ಅಲ್ಲಿಗೇ ನಿಲ್ಲುತ್ತೆ. ಕ್ಯಾನ್ಸರ್ ಗಡ್ಡೆಯೂ ಜೀವಕೋಶ ಒಡೆದು ಎರಡಾಗೇ ಬೆಳೆಯೋದು ಅಂತ ಕ್ಲಾಸಲ್ಲಿ ಹೇಳಿದರು. ಅದು ಯಾಕೆ ನಿಲ್ಲಲ್ಲ ಸಾರ್?
– ಪಿಯುಸಿ ವಿದ್ಯಾರ್ಥಿನಿ, ಹಾಸನ

ಉತ್ತರ: ಸರಿಯಾದ ಕಡೆಗೇ ಕೈ ಹಾಕಿದ್ದೀಯಮ್ಮ. ಲ್ಯಾಬಿನಲ್ಲಿ ಒಂದು ಪ್ರಯೋಗ ಮಾಡುತ್ತಾರೆ. ತಟ್ಟೆಯಲ್ಲಿ ಚರ್ಮದ ಕೋಶಗಳನ್ನು ಬೆಳೆಸಿದರೆ ಅವು ಒಂದೇ ಪದರವಾಗಿ ಹರಡಿ, ಅಕ್ಕಪಕ್ಕದ್ದು ಮೈಗೆ ತಗುಲಿದ ಮೇಲೆ ಬೆಳೆಯುವುದನ್ನು ನಿಲ್ಲಿಸುತ್ತವೆ. ಈಗ ಆ ಪದರದ ನಡುವೆ ಒಂದು ಗೆರೆ ಕೆರೆಯುತ್ತಾರೆ. ಎರಡೂ ಅಂಚಿನ ಕೋಶಗಳು ಒಳಕ್ಕೆ ಸರಿದು, ಒಡೆದು, ಜಾಗ ತುಂಬಿಸಿ, ಎದುರಿನವು ಸಿಕ್ಕಿದ ಕೂಡಲೇ ಮತ್ತೆ ಸುಮ್ಮನಾಗುತ್ತವೆ. ನಿನ್ನ ಮೊಣಕಾಲಲ್ಲೂ ಹೆಚ್ಚುಕಮ್ಮಿ ಇದೇ ಆಗಿದ್ದು. ಕ್ಯಾನ್ಸರ್ ಕೋಶ ಹಾಗಲ್ಲ. ಪಕ್ಕದ್ದು ತಗುಲಿದರೂ ಲೆಕ್ಕಕ್ಕಿಲ್ಲ, ಒಂದರ ಮೇಲೊಂದು ಹತ್ತಿ ಗುಡ್ಡೆಯಾಗುತ್ತವೆ.

ಕೋಶ ಎರಡಾಗೋದು ಸುಲಭದ ಕೆಲಸವಲ್ಲ. 46 ಕ್ರೋಮೋಸೋಮಿನಲ್ಲಿರುವ ಸುಮಾರು 600 ಕೋಟಿ ಅಕ್ಷರಗಳಷ್ಟು ಡಿಎನ್‌ಎ ಪೂರ್ತಿ ನಕಲಾಗಬೇಕು. ತಟ್ಟೆಯಲ್ಲಿ ಚುರುಕಾಗಿ ಬೆಳೆಯುವ ಮನುಷ್ಯರ ಕೋಶಕ್ಕೆ ಒಂದು ಸಲ ಎರಡಾಗುವ ಇಡೀ ಸುತ್ತು ಮುಗಿಸಲು ಸುಮಾರು 24 ಗಂಟೆ ಬೇಕು, ಅದರಲ್ಲಿ ಎರಡಾಗುವ ಹಂತ ಬರೀ ಒಂದು ಗಂಟೆ. ಉಳಿದದ್ದೆಲ್ಲ ತಯಾರಿ, ತಪಾಸಣೆ. ಬೆಳೆ ಅಂತ ಹೊರಗಿನಿಂದ ಸಂದೇಶ ಬಂದಿದೆಯಾ? ಡಿಎನ್‌ಎ ಕೆಟ್ಟಿಲ್ಲ ತಾನೆ? ನಕಲು ಪೂರ್ತಿಯಾಯ್ತಾ? ನಕಲಾಗಿ ಜೋಡಿಯಾದ ಪ್ರತಿ ಕ್ರೋಮೋಸೋಮಿಗೂ ಅದನ್ನು ಎರಡು ಕಡೆಗೆ ಎಳೆಯುವ ಎಳೆ ಕಟ್ಟಿದೆಯಾ? ಈ ಸುತ್ತನ್ನು ನಡೆಸುವ ಜೀನು, ಪ್ರೊಟೀನುಗಳನ್ನು ಯೀಸ್ಟ್ ಮತ್ತು ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ಮೊಟ್ಟೆಯಲ್ಲಿ ಹುಡುಕಿದ್ದಕ್ಕೇ ಹಾರ್ಟ್‌ವೆಲ್, ನರ್ಸ್, ಹಂಟ್ ಎಂಬ ಮೂವರು ವಿಜ್ಞಾನಿಗಳಿಗೆ 2001ರ ನೊಬೆಲ್ ಬಂತು. ಬ್ರೆಡ್ ಉಬ್ಬಿಸುವ ಯೀಸ್ಟಿಗೂ ನಮಗೂ ಇದರಲ್ಲಿ ಅಷ್ಟೊಂದು ಹೋಲಿಕೆ ಇದೆ ಅಂದರೆ ನನಗೆ ಈಗಲೂ ಆಶ್ಚರ್ಯವೇ.

ತಪಾಸಣೆಯಲ್ಲಿ ಮುಖ್ಯವಾದದ್ದು ಪಿ53 ಎಂಬ ಪ್ರೊಟೀನು. ಡಿಎನ್‌ಎ ಕೆಟ್ಟಿದ್ದರೆ ಇದು ಕೋಶ ಎರಡಾಗುವ ಕೆಲಸವನ್ನು ನಿಲ್ಲಿಸುತ್ತದೆ, ರಿಪೇರಿ ಆಗದಷ್ಟು ಕೆಟ್ಟಿದ್ದರೆ ಕೋಶ ತಾನೇ ಸಾಯುವಂತೆ ಮಾಡುತ್ತದೆ. ಮನುಷ್ಯರ ಕ್ಯಾನ್ಸರುಗಳಲ್ಲಿ ಹತ್ತಿರತ್ತಿರ ಅರ್ಧದಷ್ಟರಲ್ಲಿ ಇದರ ಜೀನೇ ಕೆಟ್ಟಿರುತ್ತದೆ. (ಆನೆಗೆ ಈ ಜೀನಿನ ಸುಮಾರು 20 ಪ್ರತಿಗಳಿವೆ, ಅಷ್ಟು ದೊಡ್ಡ ಮೈಯಿದ್ದೂ ಅದಕ್ಕೆ ಕ್ಯಾನ್ಸರ್ ಕಡಿಮೆ.) ಆದರೆ ಇದೊಂದೇ ಕೆಟ್ಟರೆ ಸಾಲದು. ಸಂದೇಶವೇ ಇಲ್ಲದೆ 'ಬೆಳೆ, ಬೆಳೆ' ಅನ್ನುವಂತೆ ಇನ್ನೊಂದು ಜೀನು ಕೆಡಬೇಕು, ತಡೆಯುವ ಮತ್ತೊಂದು ಹೋಗಬೇಕು, ಸಾಮಾನ್ಯವಾಗಿ ಇವೆಲ್ಲ ಒಂದೇ ಕೋಶದ ವಂಶದಲ್ಲಿ ಒಂದಾದ ಮೇಲೊಂದು ಸೇರಬೇಕು. ಅದಕ್ಕೇ ಎಷ್ಟೋ ವರ್ಷ ಹಿಡಿಯುತ್ತದೆ, ವಯಸ್ಸಾದವರಲ್ಲಿ ಜಾಸ್ತಿ.

ಪ್ರಶ್ನೆ: ನಮ್ಮಪ್ಪ ನಲವತ್ತು ವರ್ಷದಿಂದ ಕವಳ ಹಾಕ್ತಾರೆ, ಹೊಗೆಸೊಪ್ಪಿನ ಸಮೇತ. 'ಇಷ್ಟು ದಿನ ಆಗದ್ದು ಇನ್ನೇನು ಆಗುತ್ತೆ' ಅಂತಾರೆ.
– ಹೆಸರು ಬೇಡ, ಶಿರಸಿ

ಉತ್ತರ: ಲೆಕ್ಕ ಉಲ್ಟಾ ಇದೆ ಅಲ್ವಾ? ಮೇಲಿನ ಉತ್ತರ ಅವರಿಗೆ ಓದಿ ಹೇಳಿ. ಹೊಗೆಸೊಪ್ಪು ಡಿಎನ್‌ಎ ಕೆಡಿಸುತ್ತದೆ, ಕೆಟ್ಟಿದ್ದು ಕೂಡಿಕೊಳ್ಳುತ್ತಾ ಹೋಗುತ್ತದೆ. ಹೊಗೆಸೊಪ್ಪು ಬಿಟ್ಟು ಬರೀ ಎಲೆ ಅಡಿಕೆ ಹಾಕಿದರೂ ಕ್ಯಾನ್ಸರ್ ಬರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆ ತೋಟದವರಿಗೆ ಇದು ರುಚಿಸದ ಮಾತು, ಗೊತ್ತು. ಇವತ್ತೇ ಟಾರ್ಚ್ ಹಾಕಿ ಅವರ ಕೆನ್ನೆಯ ಒಳಗೆ, ನಾಲಿಗೆಯ ಅಂಚಲ್ಲಿ ನೋಡಿ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಅವರದೇ ಮೂರು ಬೆರಳು ಮೇಲೆ ಕೆಳಗೆ ಜೋಡಿಸಿ ಇಟ್ಟರೆ ಹಿಡಿಸದಷ್ಟು ಬಾಯಿ ಬಿಗಿಯಾಗಿರುವುದು, ಇವುಗಳಲ್ಲಿ ಒಂದಿದ್ದರೂ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಏನೂ ಕಾಣದಿದ್ದರೂ ಬಿಡಿಸಿ, ಬಿಟ್ಟ ಮೇಲೆ ಅಪಾಯ ನಿಧಾನಕ್ಕೆ ಇಳಿಯುತ್ತದೆ.

ಪ್ರಶ್ನೆ: ಕೀಮೋ ಕೊಟ್ಟರೆ ಕೂದಲು ಯಾಕೆ ಉದುರುತ್ತೆ? ಕಾಶಿ ಕಣಗಿಲೆ ಕ್ಯಾನ್ಸರಿಗೆ ಔಷಧಿ ಅಂತೆ, ನಿಜವಾ?
– ಗೃಹಿಣಿ, ತುಮಕೂರು

ಉತ್ತರ: ಎರಡಕ್ಕೂ ಒಂದೇ ಉತ್ತರ. ಆ ಗಿಡದಿಂದ ತೆಗೆಯುವ ಕೀಮೋ ಔಷಧಿ ವಿನ್‌ಕ್ರಿಸ್ಟಿನ್, ಕ್ರೋಮೋಸೋಮ್ ಎಳೆಯುವ ಎಳೆಗಳನ್ನೇ ಕಟ್ಟಲು ಬಿಡುವುದಿಲ್ಲ, ಕೋಶ ಎರಡಾಗಲಾರದೆ ಸಾಯುತ್ತದೆ. ಕೂದಲ ಬುಡದ ಕೋಶಗಳೂ ಬಿಡುವಿಲ್ಲದೆ ಒಡೆಯುವಂಥವೇ, ಹಾಗಾಗಿ ಅವಕ್ಕೂ ಏಟು. ಚಿಕಿತ್ಸೆ ಮುಗಿದ ಮೇಲೆ ಸಾಮಾನ್ಯವಾಗಿ ಕೂದಲು ವಾಪಸ್ ಬರುತ್ತದೆ. ಆದರೆ ಎಲೆ ಹೂವು ಅರೆದು ಕುಡಿಯಲು ಮಾತ್ರ ಹೋಗಬೇಡಿ, ಅದು ವಿಷ. ಆಸ್ಪತ್ರೆಯಲ್ಲಿ ಆ ಔಷಧಿಯನ್ನು ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು, ನೇರ ರಕ್ತನಾಳಕ್ಕೆ ಕೊಡುತ್ತಾರೆ.