4 ತಿಂಗಳ ಮಗುವಿಗೆ ಶಂಟ್: ತಲೆಯ ಮುಂದಿನಿಂದ ಹಾಕಿಸಬೇಕಾ, ಹಿಂದಿನಿಂದಾ?

ಮಗಳ ತಲೆಯಲ್ಲಿ ನೀರು ತುಂಬಿದೆ, ಒಬ್ಬ ಡಾಕ್ಟರು ಮುಂದಿನಿಂದ ಶಂಟ್ ಹಾಕೋಣ ಅಂದರು, ಇನ್ನೊಬ್ಬರು ಕಿವಿಯ ಹಿಂದಿನಿಂದ ಅಂದರು, ಯಾವುದು ಸರಿ ಅಂತ ಕೇಳಿದ್ದೀರಿ. ನಾನು ನ್ಯೂರೋಸರ್ಜರಿ ಆಪರೇಷನ್ ಥಿಯೇಟರ್‌ನಲ್ಲಿ ನರ್ಸ್. ಶಂಟ್ ಅಂದರೆ ಮೆದುಳಿನಲ್ಲಿ ಹೆಚ್ಚಾದ ನೀರನ್ನು ಚರ್ಮದ ಅಡಿಯಿಂದ ಹೊಟ್ಟೆಗೆ ಹರಿಸುವ ಸಣ್ಣ ಟ್ಯೂಬ್. ಎರಡೂ ಸರಿ. ಇದನ್ನೇ ತಿಳಿಯಲು ಉತ್ತರ ಅಮೆರಿಕದ ಮಕ್ಕಳ ಆಸ್ಪತ್ರೆಗಳಲ್ಲಿ ಎರಡನ್ನೂ ಹೋಲಿಸಿ ನೋಡಿದ್ದಾರೆ. ಶಂಟ್ ಎಷ್ಟು ಕಾಲ ಕೆಲಸ ಮಾಡಿತು ಅನ್ನುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ನಿಮ್ಮ ಸರ್ಜನ್‌ಗೆ ಯಾವುದರಲ್ಲಿ ಕೈ ಪಳಗಿದೆಯೋ ಅದನ್ನೇ ಮಾಡಲು ಬಿಡಿ.

ಟ್ಯೂಬಿನ ತುದಿ ಎಲ್ಲಿ ನಿಲ್ಲುತ್ತದೆ ಅನ್ನುವುದು ಅದಕ್ಕಿಂತ ಮುಖ್ಯ. ಮೆದುಳಿನೊಳಗೆ ನೀರು ತುಂಬುವ ಜಾಗದಲ್ಲಿ ಕೋರಾಯ್ಡ್ ಪ್ಲೆಕ್ಸಸ್ ಅಂತ ಕುಚ್ಚಿನಂಥ ಅಂಗಾಂಶ ಇರುತ್ತದೆ, ನೀರು ಹೆಚ್ಚಾಗಿ ಊರುವುದೇ ಅಲ್ಲಿ. ಅದು ಟ್ಯೂಬಿನ ಸಣ್ಣ ತೂತುಗಳಿಗೆ ನುಗ್ಗಿದರೆ ಶಂಟ್ ಕಟ್ಟಿಕೊಳ್ಳುತ್ತದೆ. ಅದಕ್ಕೇ ತುದಿಯನ್ನು ಅದರಿಂದ ದೂರ ಇಡಲು ನೋಡುತ್ತಾರೆ. ನಿಮ್ಮ ಮಗಳ ವಯಸ್ಸಿನಲ್ಲಿ ನೆತ್ತಿ ಇನ್ನೂ ಮುಚ್ಚಿರುವುದಿಲ್ಲ ಅಲ್ವಾ, ಆ ಮೆತ್ತನೆ ಜಾಗದ ಮೇಲೆ ಅಲ್ಟ್ರಾಸೌಂಡ್ ಇಟ್ಟು ಟ್ಯೂಬ್ ಹೋಗುವುದನ್ನು ನೋಡುತ್ತಲೇ ಹಾಕಬಹುದು. ಆ ಸೌಲಭ್ಯ ಇದೆಯಾ ಅಂತ ಕೇಳಿ.

ಹೊಟ್ಟೆವರೆಗೆ ಟ್ಯೂಬ್ ಹೇಗೆ ಒಯ್ಯುತ್ತಾರೆ ಅಂತಲೂ ಕೇಳಿದ್ದೀರಿ. ಮಗುವಿನ ಭುಜದ ಕೆಳಗೆ ಬಟ್ಟೆಯ ಸುರುಳಿ ಇಟ್ಟು, ತಲೆ ಒಂದು ಕಡೆ ತಿರುಗಿಸಿ, ಕಿವಿಯ ಹಿಂಭಾಗ, ಕತ್ತು, ಎದೆ, ಹೊಟ್ಟೆ ಎಲ್ಲ ಒಂದೇ ಮಟ್ಟಕ್ಕೆ ಬರುವ ಹಾಗೆ ಮಲಗಿಸುತ್ತೇವೆ. ಆಮೇಲೆ ಟನಲರ್ ಅನ್ನುವ ಉದ್ದ ಸ್ಟೀಲ್ ಕಡ್ಡಿಯನ್ನು ಚರ್ಮದ ಅಡಿಯಲ್ಲೇ ತೂರಿಸಿ ದಾರಿ ಮಾಡುತ್ತಾರೆ. ಕಾಲರ್ ಮೂಳೆ ದಾಟುವಾಗ ತುಂಬಾ ನಿಧಾನ, ಅಲ್ಲಿ ಕಡ್ಡಿ ಆಳಕ್ಕೆ ಇಳಿಯಬಾರದು. ಟ್ಯೂಬನ್ನು ಹೊಟ್ಟೆಯೊಳಗೆ ಬಿಡುವ ಮುಂಚೆ ಎಲ್ಲರ ಕಣ್ಣೂ ಅದರ ತುದಿಯ ಮೇಲೆ. ತಿಳಿ ನೀರು ತೊಟ್ಟು ತೊಟ್ಟಾಗಿ ಬೀಳುವುದನ್ನು ಕಂಡ ಮೇಲೇ ಒಳಗೆ ಬಿಡುವುದು. ಮಗು ಬೆಳೆಯುತ್ತದೆ ಅಂತಲೇ ಒಳಗೆ ಟ್ಯೂಬ್ ಜಾಸ್ತಿ ಉದ್ದ ಬಿಟ್ಟಿರುತ್ತಾರೆ, ಆ ಚಿಂತೆ ಬೇಡ.

ಚಿಂತೆ ಮಾಡಬೇಕಾದ್ದು ಇನ್ಫೆಕ್ಷನ್ ಬಗ್ಗೆ. ಹಸುಗೂಸಿನ ಚರ್ಮ ತೆಳು, ಗಾಯ ಕೂಡುವುದು ಸೂಕ್ಷ್ಮ. ಅದಕ್ಕೇ ಶಂಟ್ ಪ್ಯಾಕೆಟ್ಟನ್ನು ಹಾಕುವ ಗಳಿಗೆಯವರೆಗೂ ಒಡೆಯುವುದಿಲ್ಲ, ಅದನ್ನು ಮುಟ್ಟುವ ಮುಂಚೆ ಗ್ಲೌಸ್ ಬದಲಿಸುತ್ತಾರೆ, ಸುಮ್ನೆ ಯಾರೂ ಬಾಗಿಲು ತೆಗೆದು ಒಳಗೆ ಬರುವಂತಿಲ್ಲ. ಆ್ಯಂಟಿಬಯೋಟಿಕ್ ಸೇರಿಸಿದ ಶಂಟ್ ಕೂಡ ಇದೆ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ 1,600ಕ್ಕೂ ಹೆಚ್ಚು ರೋಗಿಗಳಲ್ಲಿ ಹೋಲಿಸಿ 2019ರಲ್ಲಿ ಪ್ರಕಟಿಸಿದಾಗ, ಮಾಮೂಲಿ ಶಂಟಿನಲ್ಲಿ 6% ಇದ್ದ ಇನ್ಫೆಕ್ಷನ್ ಇದರಲ್ಲಿ 2% ಇತ್ತು. ಕೈಗೆಟುಕಿದರೆ ಇದಕ್ಕೆ ದುಡ್ಡು ಹಾಕಿ.

ಆದರೆ ವಿದೇಶಿ ವಾಲ್ವ್‌ಗಾಗಿ (ಶಂಟಿನಲ್ಲಿ ನೀರಿನ ಹರಿವನ್ನು ಹತೋಟಿಯಲ್ಲಿಡುವ ಭಾಗ) ಮಾತ್ರ ಸಾಲ ಮಾಡಬೇಡಿ. ನಮ್ಮ ದೇಶದಲ್ಲೇ ತಯಾರಾಗುವ ಛಾಬ್ರಾ ಶಂಟನ್ನು ಉಗಾಂಡಾದಲ್ಲಿ ಮಕ್ಕಳ ನ್ಯೂರೋಸರ್ಜನ್ ಡಾ. ಬೆಂಜಮಿನ್ ವಾರ್ಫ್ ಅವರು ದುಬಾರಿ ವಾಲ್ವಿನ ಜೊತೆ ಹೋಲಿಸಿದ್ದರು. 2005ರಲ್ಲಿ ಅದು ಪ್ರಕಟವಾದಾಗ ಛಾಬ್ರಾ 35 ಡಾಲರ್, ಇನ್ನೊಂದು 650 ಇತ್ತು. ಒಂದು ವರ್ಷದ ನಂತರ ಮಕ್ಕಳ ಸ್ಥಿತಿಯಲ್ಲಿ ವ್ಯತ್ಯಾಸ ಇರಲಿಲ್ಲ.

ಎಷ್ಟು ಚೆನ್ನಾಗಿ ಹಾಕಿದರೂ ಮಕ್ಕಳಲ್ಲಿ ಮೊದಲ 2 ವರ್ಷದೊಳಗೆ ಹತ್ತಿರ ಹತ್ತಿರ ಅರ್ಧದಷ್ಟು ಶಂಟ್‌ಗಳಿಗೆ ಮತ್ತೆ ಆಪರೇಷನ್ ಬೇಕಾಗುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ಅಪ್ಪ ಅಮ್ಮ ತಮ್ಮಿಂದಲೇ ಏನೋ ತಪ್ಪಾಯಿತು ಅಂತ ಕೊರಗುತ್ತಾರೆ, ಅದನ್ನು ನೋಡಲು ಆಗುವುದಿಲ್ಲ. ಮನೆಗೆ ಹೋದ ಮೇಲೆ ನೆತ್ತಿ ಉಬ್ಬಿ ಬಿಗಿಯಾದರೆ, ವಾಂತಿ ನಿಲ್ಲದಿದ್ದರೆ, ಎಬ್ಬಿಸಿದರೂ ಏಳದೆ ತೂಕಡಿಸಿದರೆ, ಕಣ್ಣುಗುಡ್ಡೆ ಕೆಳಕ್ಕೆ ಜಾರಿ ಮೇಲೆ ಬಿಳಿ ಕಂಡರೆ, ಜ್ವರ ಬಂದರೆ ಅಥವಾ ಟ್ಯೂಬಿನ ದಾರಿಯಲ್ಲಿ ಚರ್ಮ ಕೆಂಪಾದರೆ, ಬೆಳಗಾಗಲಿ ಅಂತ ಕಾಯಬೇಡಿ. ಡಿಸ್ಚಾರ್ಜ್ ಚೀಟಿ ಕೈಯಲ್ಲಿ ಹಿಡಿದು ನೇರ ನ್ಯೂರೋಸರ್ಜರಿ ಇರುವ ಆಸ್ಪತ್ರೆಗೇ ಹೋಗಿ.